ಒಂದು ಇಂಗ್ಲಿಷು ಶಬ್ದದ ವಿಚಾರ

ಕಲಬುರಗಿ ಜಿಲ್ಲೆಯ ಕೊಡ್ಲಿ ಗ್ರಾಮದಲ್ಲಿ ನಮಗೆ ಬಹುಕಾಲದಿಂದ ಪರಿಚಿತರಾದ ವೃದ್ಧ ಗೃಹಸ್ಥರೊಬ್ಬರಿದ್ದಾರೆ. ಹಿರಿಯರಿಂದ ಬಂದ ತೊಗರಿಯ ಹೊಲ, ಒಬ್ಬ ಮಗ, ಒಬ್ಬ ಮಗಳು. ಇಷ್ಟು ಅವರ ಸಂಸಾರ. ಮಗನು ಹೈದರಾಬಾದಿನಲ್ಲಿ ನೌಕರಿಯಲ್ಲಿರುವನು. ಮಗಳನ್ನು ಸೇಡಂ ಕಡೆಗೆ ಕೊಟ್ಟಿದೆ. ಕೆಲವು ತಿಂಗಳ ಹಿಂದೆ ನಾವು ಅವರ ಮನೆಗೆ ಹೋಗಿದ್ದಾಗ, ಮಗನಿಂದ ಬಂದಿದ್ದ ಕಾಗದವನ್ನು ನಮ್ಮ ಕೈಗಿತ್ತು, ಕನ್ನಡದ ನಡುವೆ ಇಂಗ್ಲಿಷಿನಲ್ಲಿ ಬರೆದಿದ್ದ ಒಂದೇ ಒಂದು ಶಬ್ದವನ್ನು ಬೆರಳಿಟ್ಟು ತೋರಿಸಿ, “ಇದಕ್ಕೇನಂತಾರ್ರೀ ಮಾಸ್ತರ?” ಎಂದು ಕೇಳಿದರು. ಆ ಶಬ್ದವು ‘ಅರೊಗನ್ಸ್’. ತಂಗಿಯು ಹೊಲದಲ್ಲಿ ತನ್ನ ಪಾಲನ್ನು ಕೇಳಿದ್ದಳು. ಅದು ಅವಳ ಅರೊಗನ್ಸ್ ಎಂದು ಅಣ್ಣನು ಬರೆದಿದ್ದನು.

ನಾವು ಹೆಚ್ಚು ಯೋಚಿಸದೆ, “ಸೊಕ್ಕು ಅಂತ ಅರ್ಥ, ಕಾಕಾ” ಎಂದುಬಿಟ್ಟೆವು. ಹಿರಿಯರ ಮುಖವು ಬಾಡಿತು. “ನಮ್ಮ ಹುಡುಗಿಗಿ ಸೊಕ್ಕು ಬಂದದೇನ್ರೀ?” ಎಂದು ಕೇಳಿ ಸುಮ್ಮನಾದರು. ಮರಳಿ ಬರುವಾಗ ಬಸ್ಸಿನಲ್ಲಿ ಆ ಪ್ರಶ್ನೆಯು ನಮ್ಮನ್ನು ಬಿಡಲಿಲ್ಲ. ಮನೆಗೆ ಬಂದವರೇ ನಿಘಂಟುಗಳನ್ನು ತೆರೆದು ಕುಳಿತೆವು.

ಈ ಅವಗುಣಕ್ಕೆ ನಮ್ಮ ನಾಡಿನಲ್ಲಿ ಹೆಸರುಗಳ ಬಡತನವೇನೂ ಇಲ್ಲ. ಸೊಕ್ಕು ಎಂಬುದು ಅಚ್ಚಗನ್ನಡ ಮಾತು, ಹಳಗನ್ನಡದಲ್ಲಿ ಸೊರ್ಕು. ಅದರ ಮೊದಲ ಅರ್ಥವು ಅಮಲು, ಮದ. ಆನೆಗೆ ಸೊಕ್ಕೇರಿತೆಂದರೆ ಅದು ಮದವೇರಿದ ಸ್ಥಿತಿ. ಸಂಸ್ಕೃತದಿಂದ ಬಂದ ಗರ್ವ, ದರ್ಪಗಳು ಎಲ್ಲರಿಗೂ ಗೊತ್ತಿದ್ದವೇ. ಅಹಂಕಾರವೆಂಬುದು ಸಾಂಖ್ಯರಲ್ಲಿ ಬರಿಯ ತತ್ತ್ವವಾಗಿದ್ದುದು, ನಮ್ಮ ಮನೆಮಾತಿಗೆ ಇಳಿದಾಗ ಬೈಗುಳಾಯಿತು. 1948ರವರೆಗೆ ನಿಜಾಮರ ಆಳಿಕೆಯಲ್ಲಿದ್ದ ಕಲಬುರಗಿಯ ಸೀಮೆಯಲ್ಲಿ ಉರ್ದುವಿನ ಬಳಕೆ ಹೆಚ್ಚು. ಅದರ ಮೂಲಕ ಬಂದ ಶಬ್ದಗಳ ಸ್ವಾರಸ್ಯವೇ ಬೇರೆ. ಧಿಮಾಕು ಎಂಬುದರ ಮೂಲವು ಮಿದುಳೆಂಬ ಅರ್ಥದ ಅರಬ್ಬೀ ಶಬ್ದ. ದೌಲತ್ತೆಂದರೆ ಐಶ್ವರ್ಯ, ಐಶ್ವರ್ಯವಂತನ ನಡೆಗೂ ಅದೇ ಹೆಸರಾಯಿತು. ಮಗರೂರಿಯು ನಮಗೆ ಎಲ್ಲಕ್ಕಿಂತ ಹಿಡಿಸಿತು. ಏಕೆಂದರೆ ಅರಬ್ಬಿಯಲ್ಲಿ ‘ಮಗರೂರ್’ ಎಂದರೆ ಮೊದಲಿಗೆ ಮೋಸಹೋದವನು, ಭ್ರಮೆಗೊಳಗಾದವನು ಎಂದರ್ಥ. ಮಗರೂರಿಯ ಮನುಷ್ಯನನ್ನು ಕಂಡಾಗ ಸಿಟ್ಟಿನ ಬದಲು ಮರುಕಪಡಬೇಕಾದೀತು! ಬಿಂಕ, ಬಿಗುಮಾನ, ಜಂಬಗಳು ಇವಕ್ಕಿಂತ ಹಗುರ. ಅವನ್ನು ಇಲ್ಲಿ ಬಿಟ್ಟಿದ್ದೇವೆ.

ಈ ಮಾತುಗಳಲ್ಲಿ ಹೆಚ್ಚಿನವು ಮನುಷ್ಯನ ಒಳಗಿನ ಸ್ಥಿತಿಯನ್ನು ಹೇಳುತ್ತವೆ. ಇಂಗ್ಲಿಷು ಶಬ್ದದ ಹುಟ್ಟು ಹಾಗಲ್ಲ. ಅದು ಲ್ಯಾಟಿನ್ನಿನಿಂದ ಫ್ರೆಂಚಿನ ಮೂಲಕ ಬಂದುದು. ಲ್ಯಾಟಿನ್ನಿನಲ್ಲಿ ‘ರೊಗಾರೆ’ ಎಂದರೆ ಕೇಳುವುದು. ಅದಕ್ಕೆ ಉಪಸರ್ಗವು ಸೇರಿ ‘ಅರೊಗಾರೆ’ ಎಂದಾದಾಗ, ತನಗೆಂದು ಕೇಳಿ ತನ್ನ ಕಡೆಗೆ ಎಳೆದುಕೊಳ್ಳುವುದು ಎಂಬ ಅರ್ಥವಾಯಿತು. ರೋಮನರ ನ್ಯಾಯಶಾಸ್ತ್ರದಲ್ಲಿ ಇದೇ ಧಾತುವಿನ ‘ಆಡ್ರೊಗಾತಿಯೊ’ ಎಂಬ ಪಾರಿಭಾಷಿಕ ಪದವುಂಟು. ಯಾರ ಅಧೀನದಲ್ಲಿಯೂ ಇಲ್ಲದ ಸ್ವತಂತ್ರನೊಬ್ಬನನ್ನು ದತ್ತು ತೆಗೆದುಕೊಳ್ಳುವ ವಿಧಿಯದು. ಅದರಿಂದ ಅವನ ಆಸ್ತಿಯೂ ದತ್ತು ಪಡೆದವನ ವಶವಾಗುತ್ತಿತ್ತು. ಇಂಗ್ಲಿಷಿನಲ್ಲಿ ‘ಅರೊಗೇಟ್’ ಎಂಬ ಕ್ರಿಯಾಪದವು, ತನಗಿಲ್ಲದ ಅಧಿಕಾರವನ್ನು ತಾನೇ ವಹಿಸಿಕೊಳ್ಳುವುದು ಎಂಬ ಅರ್ಥದಲ್ಲಿ ಈಗಲೂ ಬಳಕೆಯಲ್ಲಿದೆ. 14ನೆಯ ಶತಮಾನದ ಆಂಗ್ಲ ಕವಿ ಚಾಸರನು ತನ್ನ ‘ಕ್ಯಾಂಟರ್‌ಬರಿ ಕಥೆ’ಗಳಲ್ಲಿ ಪಾದ್ರಿಯ ಬಾಯಿಂದ ಗರ್ವದ ಕವಲುಗಳನ್ನು ಎಣಿಸುವಾಗ, ತನ್ನಲ್ಲಿ ಇಲ್ಲದ ಗುಣವು ಇದೆಯೆಂದು ಭಾವಿಸುವವನಿಗೆ ಈ ಹೆಸರನ್ನು ಕೊಡಿಸಿದ್ದಾನೆ.

ಆದುದರಿಂದ ಯಾರ ಮೇಲಾದರೂ ಈ ಶಬ್ದವನ್ನು ಪ್ರಯೋಗಿಸುವ ಮುನ್ನ, ಅವರು ಕೇಳುತ್ತಿರುವುದು ಅವರದೋ ಅಲ್ಲವೋ ಎಂಬುದನ್ನು ನೋಡತಕ್ಕದ್ದು. ಧ್ವನಿಯು ಬಿರುಸಾಗಿದ್ದ ಮಾತ್ರಕ್ಕೆ ಅದು ಅರೊಗನ್ಸ್ ಆಗದು, ಅದನ್ನು ಒರಟುತನವೆನ್ನಬಹುದು. ಮೆಲುದನಿಯಲ್ಲಿ ನಗುನಗುತ್ತ ಇನ್ನೊಬ್ಬರ ಪಾಲನ್ನು ಇಟ್ಟುಕೊಳ್ಳುವವನಿಗೆ ಈ ಶಬ್ದವು ಸಲ್ಲಬಹುದು.

ಹಾಗಾದರೆ ಆ ಹೊಲದ ಪಾಲು ಮಗಳದೇ? ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ಪ್ರತಿಪಾದಿಸಿದ ‘ಮಿತಾಕ್ಷರಾ’ವು ದೂರದ ಗ್ರಂಥವಲ್ಲ. ಅದನ್ನು ರಚಿಸಿದ ವಿಜ್ಞಾನೇಶ್ವರರು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವರು. ಶಹಾಬಾದಿನ ಸಮೀಪದ ಮರತೂರು ಅವರ ಊರೆಂದು ಪ್ರಸಿದ್ಧವಾಗಿದೆ. ಕೊಡ್ಲಿಯ ಹೊಲದಲ್ಲಿ ಅಣ್ಣನು ತನ್ನ ಪಾಲೆಂದು ನಂಬಿಕೊಂಡಿರುವುದೂ ಆ ನ್ಯಾಯದ ಬಲದಿಂದಲೇ. ಆ ಜನ್ಮಸಿದ್ಧ ಹಕ್ಕು ಶತಮಾನಗಳವರೆಗೆ ಹೆಣ್ಣುಮಕ್ಕಳಿಗೆ ಇರಲಿಲ್ಲ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಯು ತಿದ್ದುಪಡಿಯಾಗಿ, ಮಗಳೂ ಮಗನಂತೆಯೇ ಹುಟ್ಟಿನಿಂದ ಸಮಪಾಲುದಾರಳಾದಳು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ತಂಗಿಯು ಅಣ್ಣನ ಸ್ವಂತ ಗಳಿಕೆಯಿಂದಾದ ಹೈದರಾಬಾದಿನ ಮನೆಯಲ್ಲಿ ಪಾಲು ಕೇಳಿದ್ದರೆ ಶಬ್ದವು ಸರಿಯಾಗಿಯೇ ಇರುತ್ತಿತ್ತು. ಅವಳು ಕೇಳಿದ್ದು ಹೊಲವನ್ನು.

ಮುಂದಿನ ವಾರವೇ ನಾವು ಕೊಡ್ಲಿಗೆ ಹೋಗಿ, ಅಂದು ಹೇಳಿದ ಅರ್ಥವು ಅವಸರದ್ದೆಂದು ಒಪ್ಪಿಕೊಂಡು, ಇದೆಲ್ಲವನ್ನೂ ಅವರಿಗೆ ತಿಳಿಯುವಂತೆ ಹೇಳಿದೆವು. ಲ್ಯಾಟಿನ್ನಿನ ವಿಷಯದಲ್ಲಿ ಅವರಿಗೆ ಆಸಕ್ತಿ ಕಾಣಲಿಲ್ಲ. ಮರತೂರಿನ ಹೆಸರು ಕೇಳಿದಾಗ ಮಾತ್ರ ತಲೆಯೆತ್ತಿದರು.

“ಹಂಗಾದ್ರ ಅಕಿಗಿ ಏನನ್ನಬೇಕ್ರೀ?”

“ಪಾಲುದಾರಳು ಅನ್ನಬೇಕು, ಕಾಕಾ.”

ಸ್ವಲ್ಪ ಹೊತ್ತು ಅಂಗಳದ ಕಡೆಗೆ ನೋಡುತ್ತ ಕುಳಿತಿದ್ದು, ಮಗನಿಗೆ ಉತ್ತರ ಬರೆಯಬೇಕೆಂದು ನಮಗೆ ಹೇಳಿದರು. ಅವರು ಹೇಳಿದಂತೆ ನಾವು ಬರೆದುದು ಇಷ್ಟೇ: ಎಳ್ಳಮಾವಾಸ್ಯೆಗೆ ರಜೆ ಪಡೆದು ಬರತಕ್ಕದ್ದು, ತಂಗಿಗೂ ಹೇಳಿ ಕಳುಹಿಸಿದೆ, ಚರಗ ಚೆಲ್ಲಿದ ಮೇಲೆ ಇಬ್ಬರೂ ಹೊಲದಲ್ಲಿಯೇ ಇರಬೇಕು, ಅಳತೆ ಮಾಡಿಸುವುದಿದೆ.