ಕೈಲ್‌ಪೊಳ್ದಿನ ಬೆಳಗು, ಕೋವಿ ಎಣ್ಣೆಯ ವಾಸನೆ

ನಾಟಿ ಮುಗಿದ ಗದ್ದೆಯಲ್ಲಿ ಪೈರು ಬೇರು ಹಿಡಿದಿದೆ. ಮಳೆ ಬಿಟ್ಟುಬಿಟ್ಟು ಹನಿಯುತ್ತಿದೆ. ಇಂದು ಕೊಡವರು ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬ. ಕೊಡಗಿನ ಐನ್‌ಮನೆಯೊಂದರ, ಅಂದರೆ ಕುಲದ ಮೂಲಮನೆಯೊಂದರ, ಮೆಟ್ಟಿಲೇರಿ ಬನ್ನಿ: ಅಡುಗೆಮನೆಯಿಂದ ಕಡಂಬುಟ್ಟಿನ ಹಬೆ, ಪಂದಿಕರಿಗೆ ಬಿದ್ದ ಕಾಚಂಪುಳಿಯ ಘಾಟು, ಅವೆರಡರ ನಡುವೆ ತೆಳುವಾಗಿ ಕೋವಿ ಎಣ್ಣೆಯ ವಾಸನೆ. ನಾಟಿಯ ದಿನಗಳಲ್ಲಿ ದೇವರ ಕೋಣೆಯಾದ ಕನ್ನಿಕೋಂಬರೆ ಸೇರಿದ್ದ ಕೋವಿಗಳು ಜಗಲಿಯ ಚಾಪೆಗೆ ಬಂದಿವೆ. ಪಕ್ಕದಲ್ಲೇ ತೋಕ್‌ಪೂವಿನ ಕೆಂಪು ಹಳದಿ ಎಸಳುಗಳು.

ಮನೆಯ ಹಿರಿಯರು ಜೋಡುನಳಿಗೆಯನ್ನು ಎತ್ತಿಕೊಂಡು, ಕಟಕ್ಕನೆ ಮಡಚಿ, ನಳಿಗೆಯೊಳಗಿಂದ ಆಕಾಶ ನೋಡುತ್ತಾರೆ. ಒಳಗೆ ತೋಟೆ ಇಲ್ಲವೆಂದು ಗೊತ್ತಿದ್ದರೂ ನೋಡುತ್ತಾರೆ. ಆಮೇಲೆ ಬಟ್ಟೆ ಸುತ್ತಿದ ಕಡ್ಡಿ ಒಳಗೆ ಹೋಗಿ ಕಪ್ಪಾಗಿ ಹೊರಬರುತ್ತದೆ. ಅದಾದ ಮೇಲೆ ಕೈಗೆ ಬರುವುದು ಕಾನ್ಪುರದ .32 ರಿವಾಲ್ವರ್. ಅದೂ ಜೋಡುನಳಿಗೆಯಂತೆಯೇ ಕತ್ತು ಬಗ್ಗಿಸಿ ಬಾಯಿ ತೆರೆಯುತ್ತದೆ, ಆರು ತೂತುಗಳಲ್ಲಿ ಆರು ಚುಕ್ಕಿ ಬೆಳಕು.

“ಹಳೇ ರಿವಾಲ್ವರಿನಲ್ಲಿ ಹ್ಯಾಮರ್ ಕೆಳಗಿನ ಗೂಡು ಖಾಲಿ ಬಿಡ್ತಿದ್ವಿ” ಎನ್ನುತ್ತಾರೆ ಅವರು, ಬೆರಳನ್ನು ಟ್ರಿಗರ್‌ನಿಂದ ದೂರ ಚಾಚಿಕೊಂಡೇ. ಕಾರಣ ಸರಳ. ಅಂಥವುಗಳಲ್ಲಿ ಹ್ಯಾಮರಿನ ಮೊನೆ ನೇರವಾಗಿ ತೋಟೆಯ ಬೆನ್ನಿಗೆ ತಾಗಿರುತ್ತಿತ್ತು. ಸೊಂಟದಿಂದ ಜಾರಿ ಕಲ್ಲಿನ ಮೇಲೆ ಹ್ಯಾಮರ್ ಬಡಿಯುವಂತೆ ಬಿದ್ದರೆ ಗುಂಡು ಹಾರುತ್ತಿತ್ತು. ಮುಂದೆ ಬಂದ ರಿವಾಲ್ವರುಗಳಲ್ಲಿ ಹ್ಯಾಮರಿಗೂ ತೋಟೆಗೂ ನಡುವೆ ಒಂದು ಉಕ್ಕಿನ ತುಣುಕು ಕಾವಲು ನಿಂತಿತು. ಟ್ರಿಗರ್ ಪೂರ್ತಿ ಎಳೆದಾಗ ಮಾತ್ರ ಅದು ದಾರಿ ಬಿಡುತ್ತದೆ.

ರಜೆಯ ಮೇಲೆ ಬಂದಿರುವ ಸೇನೆಯ ಹುಡುಗ ಮಾತಿಗೆ ಪ್ಲಾಸ್ಟಿಕ್ ಮೈಯ ಪಿಸ್ತೂಲನ್ನು ತರುತ್ತಾನೆ. ಆಸ್ಟ್ರಿಯಾದ ಸೇನೆ 1982ರಲ್ಲಿ ಒಪ್ಪಿಕೊಂಡ ಗ್ಲಾಕ್ 17 ಅದು, ನಮ್ಮ ಎನ್‌ಎಸ್‌ಜಿ ಕಮಾಂಡೊಗಳ ಕೈಯಲ್ಲೂ ಇದೆ. ಹಿಡಿಯೂ ಚೌಕಟ್ಟೂ ಪಾಲಿಮರ್, ನಳಿಗೆ ಮತ್ತು ಮೇಲಿನ ಸರಿಯುವ ಭಾಗ ಉಕ್ಕೇ. ಮ್ಯಾಗಜಿನ್ ಬಿಟ್ಟರೆ ಸುಮಾರು 625 ಗ್ರಾಂ. ಹೊರಗೆ ಹ್ಯಾಮರೇ ಇಲ್ಲ, ಟ್ರಿಗರಿನ ನಡುವೆ ಪುಟ್ಟದೊಂದು ನಾಲಿಗೆ. ಅದನ್ನೂ ಒತ್ತದಿದ್ದರೆ ಟ್ರಿಗರ್ ಅಲುಗದು. ಆದರೆ ಅದು ಬಳಸುವ 9 ಎಂಎಂ ತೋಟೆ ನಾಗರಿಕರಿಗೆ ನಿಷಿದ್ಧ. ಅವರ ಪಾಲಿಗೆ ಇರುವುದು ಕಾನ್ಪುರದ ರಿವಾಲ್ವರ್, ಇಲ್ಲವೇ ಕೋಲ್ಕತ್ತದ ಬಡಗಣ ಇಷಾಪುರದಲ್ಲಿ ತಯಾರಾಗುವ .32 ಅಶನಿಯಂಥ ಪಿಸ್ತೂಲುಗಳು.

ಹಗುರವಾದದ್ದು ಸೊಂಟಕ್ಕೆ ಹಿತ, ನಿಜ. ಆದರೆ ಬೀಳುವ ಪಿಸ್ತೂಲನ್ನು ತಡೆಯುವ ಯಾವ ಕಾವಲೂ ಟ್ರಿಗರಿನ ಮೇಲಿಟ್ಟ ಬೆರಳನ್ನು ತಡೆಯುವುದಿಲ್ಲ. ಹಿರಿಯರು ಖಾಲಿ ನಳಿಗೆಯನ್ನು ಎರಡೆರಡು ಸಲ ನೋಡುವುದನ್ನು ಕಂಡಾಗ ನನಗೆ ಅತ್ಯಂತ ನಂಬಿಕೆಯ ಸೇಫ್ಟಿ ಅದೇ ಅನ್ನಿಸಿತು.

ಕೋವಿಗಳು ಈಗ ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯ ತೂಗುದೀಪದ ಮುಂದೆ, ಒಡಿಕತ್ತಿ ಪೀಚೆಕತ್ತಿಗಳ ಜೊತೆ, ಗಂಧದ ಬೊಟ್ಟು ಹೊತ್ತು ನಿಂತಿವೆ. ಹೊರಗೆ ಮೈದಾನದಲ್ಲಿ ಯಾರೋ ಮರದ ಕೊಂಬೆಗೆ ತೆಂಗಿನಕಾಯಿ ಕಟ್ಟುತ್ತಿದ್ದಾರೆ, ಗುರಿ ಹೊಡೆಯುವ ಪಂದ್ಯಕ್ಕೆ. 1861ರಿಂದ ಕೊಡವರಿಗೂ ವಂಶಪಾರಂಪರ್ಯ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ನಡೆದುಬಂದಿದೆ; ರಾಜ್ಯ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಪಿಸ್ತೂಲು, ರಿವಾಲ್ವರ್, ಜೋಡುನಳಿಗೆ ಮೂರಕ್ಕೂ ಅನ್ವಯಿಸುವ ಈಗಿನ ಅಧಿಸೂಚನೆಯ ಅವಧಿ 2029ರ ಅಕ್ಟೋಬರ್ 31ರವರೆಗಿದೆ.