ಅದಿರು ಅರೆಯುವ ವಿದ್ಯುತ್ತಿನ ಲೆಕ್ಕ

ದಕ್ಷಿಣ ಗೋವಾದ ಕುಡಚಡೆ, ಸಾವರ್ಡೆ ಸುತ್ತಿನ ಕಬ್ಬಿಣದ ಅದಿರು ಬಹುಮಟ್ಟಿಗೆ ನೆಲದಲ್ಲೇ ಪುಡಿಯಾಗಿರುತ್ತದೆ. ಮಳೆನೀರು ಯುಗಾಂತರಗಳಿಂದ ಶಿಲೆಯೊಳಗಿನ ಸಿಲಿಕಾವನ್ನು ಕರಗಿಸಿ ಒಯ್ದು, ಹೆಮಟೈಟನ್ನು ಸಡಿಲವಾಗಿ ಉಳಿಸಿದೆ. ಗಣಿಗಾರರ ಮಾತಿನಲ್ಲಿ ಇದು ‘ಫೈನ್ಸ್’. ಅಗೆದು, ಜರಡಿ ಹಿಡಿದು, ತೊಳೆದು ಜೇಡಿ ಬಿಡಿಸಿದರೆ ಟ್ರಕ್ಕಿನಲ್ಲಿ ಜುವಾರಿ ದಂಡೆಯ ಜೆಟ್ಟಿಗೆ, ಬಾರ್ಜಿನಲ್ಲಿ ಮುರಗಾಂವ್ ಬಂದರಿಗೆ ಸಾಗುತ್ತಿತ್ತು. ಅರೆಯುವ ಖರ್ಚನ್ನು ಪ್ರಕೃತಿಯೇ ಭರಿಸಿತ್ತು.

ಎಲ್ಲ ಅದಿರಿಗೂ ಈ ಭಾಗ್ಯವಿಲ್ಲ. ಕೋಲಾರದ ಚಿನ್ನ ಗಟ್ಟಿ ಕ್ವಾರ್ಟ್ಸ್‌ನೊಳಗಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಅಷ್ಟು ದೂರ ತಂತಿಯೆಳೆದು ಒಯ್ದದ್ದು ಆ ಗಣಿಗಳಿಗಾಗಿಯೇ. 1980ರಲ್ಲಿ ಶುರುವಾಗಿ 2005ರ ಕೊನೆಗೆ ನಿಂತ ಕುದುರೆಮುಖದ ಕಬ್ಬಿಣದ ಗಣಿಯಲ್ಲಿ ಮ್ಯಾಗ್ನೆಟೈಟಿನ ಕಣಗಳು ಸಿಲಿಕಾದೊಂದಿಗೆ ಹೆಣೆದುಕೊಂಡಿದ್ದವು. ನುಣ್ಣಗೆ ಅರೆಯದೆ ಅವು ಬಿಡಿಯಾಗುತ್ತಿರಲಿಲ್ಲ.

ಇಂಥ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವುದು ಬಾಲ್ ಮಿಲ್. ತಿರುಗುವ ಉಕ್ಕಿನ ಪೀಪಾಯಿಯೊಳಗೆ ಗುಂಡುಗಳು ಮೇಲೇರಿ ಅದಿರಿನ ಮೇಲೆ ಬೀಳುತ್ತವೆ. ಯಂತ್ರ ಸರಳ, ಬಾಳಿಕೆಯೂ ಹೆಚ್ಚು. ಆದರೆ ಗುಂಡು ಗುಂಡಿಗೇ ಬಡಿಯುತ್ತದೆ, ಉಕ್ಕಿನ ಒಳಗವಚಕ್ಕೆ ಬಡಿಯುತ್ತದೆ, ಆಗಲೇ ನುಣ್ಣಗಾದ ಕಣಕ್ಕೂ ಬಡಿಯುತ್ತದೆ. ಕಲ್ಲಿನಲ್ಲಿ ಹೊಸ ಮೇಲ್ಮೈ ಮೂಡಿಸಲು ಬೇಕಾದ ಶಕ್ತಿಯನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, ಮಿಲ್ಲಿಗೆ ಹರಿದ ವಿದ್ಯುತ್ತಿನಲ್ಲಿ ಸಾರ್ಥಕವಾಗುವುದು ಶೇ 1ರಷ್ಟು. ಉಳಿದದ್ದು ಬಿಸಿಯಾಗಿ, ಸದ್ದಾಗಿ ಹೋಗುತ್ತದೆ. ಸವೆದುಹೋಗುವ ಗುಂಡುಗಳನ್ನು ತಯಾರಿಸಲು ತಗುಲಿದ ಶಕ್ತಿ ಇದರಲ್ಲಿ ಸೇರಿಲ್ಲ.

ಅರೆಯುವ ಖರ್ಚನ್ನು ಅಂದಾಜಿಸಲು ಎಂಜಿನಿಯರುಗಳು ಇಂದಿಗೂ ನೆಚ್ಚುವುದು ಅಮೆರಿಕದ ಫ್ರೆಡ್ ಬಾಂಡ್ 1952ರಲ್ಲಿ ಕೊಟ್ಟ ಸೂತ್ರವನ್ನು. ಅದರಂತೆ ವಿದ್ಯುತ್ತಿನ ಬೇಡಿಕೆ ಕಣದ ಗಾತ್ರದ ವರ್ಗಮೂಲಕ್ಕೆ ವಿಲೋಮವಾಗಿ ಏರುತ್ತದೆ. ಅರೆಯಲು ಅದಿರು ಎಷ್ಟು ಗಟ್ಟಿ ಎಂದು ತೋರುವ ಬಾಂಡ್ ಸೂಚ್ಯಂಕ 12 ಎಂದಿಟ್ಟುಕೊಂಡರೆ, 10 ಮಿಲಿಮೀಟರಿನ ತುಂಡನ್ನು 150 ಮೈಕ್ರಾನ್‌ಗೆ ಇಳಿಸಲು ಟನ್ನಿಗೆ ಸುಮಾರು 8.6 ಯೂನಿಟ್ ಬೇಕು, 45 ಮೈಕ್ರಾನ್‌ಗೆ ಸುಮಾರು 16.7. ದಿನಕ್ಕೆ 10,000 ಟನ್ ಅರೆಯುವ ಘಟಕದಲ್ಲಿ ಈ ವ್ಯತ್ಯಾಸವೇ 80,000 ಯೂನಿಟ್ ದಾಟುತ್ತದೆ. ಇನ್ನೂ ನುಣುಪು ಬೇಕಾದರೆ ನಿಜವಾದ ಖರ್ಚು ಸೂತ್ರ ಹೇಳುವುದಕ್ಕಿಂತ ಹೆಚ್ಚು. ಯಾವ ಯಂತ್ರ ಎಂಬುದಕ್ಕಿಂತ ಎಷ್ಟು ನುಣುಪು ಎಂಬ ಪ್ರಶ್ನೆಯೇ ಮೊದಲು ಇತ್ಯರ್ಥವಾಗಬೇಕು.

ಯಂತ್ರದ ಆಯ್ಕೆಯಲ್ಲಿ ದೊಡ್ಡ ತಿರುವು ತಂದವರು ಜರ್ಮನಿಯ ಕ್ಲಾಸ್ ಶ್ಯೋನರ್ಟ್. ಬಡಿಯುವ ಬದಲು, ಕಣಗಳ ದಪ್ಪ ಪದರವನ್ನು ಎರಡು ರೋಲರುಗಳ ನಡುವೆ ಭಾರಿ ಒತ್ತಡದಲ್ಲಿ ಹಿಂಡಿದರೆ ಕಣ ಕಣವನ್ನೇ ಒಡೆಯುತ್ತದೆ ಎಂದು ಅವರು ತೋರಿಸಿದರು. ಅಧಿಕ ಒತ್ತಡದ ಈ ರೋಲರು 1980ರ ದಶಕದಲ್ಲಿ ಸಿಮೆಂಟಿಗೆ, ಆಮೇಲೆ ಗಟ್ಟಿ ಅದಿರಿಗೆ ಬಂತು. ಹಿಂಡಿದ ಕಣಗಳೊಳಗೆ ಬಿಡುವ ಸೂಕ್ಷ್ಮ ಬಿರುಕುಗಳಿಂದ ಮುಂದಿನ ಮಿಲ್ಲಿನ ಕೆಲಸವೂ ಹಗುರಾಗುತ್ತದೆ. ಹೊಂದುವ ಅದಿರಿನಲ್ಲಿ ಶೇ 20ರ ಆಸುಪಾಸು ಉಳಿತಾಯ ಸಾಧ್ಯ, ಆದರೆ ಹೆಚ್ಚುವರಿ ಕನ್ವೇಯರು, ಜರಡಿಗಳ ವಿದ್ಯುತ್ತನ್ನು ಅದರಲ್ಲಿ ಕಳೆಯಲೇಬೇಕು. ಹಸಿ ಜೇಡಿ ಈ ಯಂತ್ರಕ್ಕೆ ಆಗಿಬರುವುದಿಲ್ಲ. ಮಳೆಗಾಲದ ಗೋವಾದಲ್ಲಿ ಇದು ಸಣ್ಣ ಅಡ್ಡಿಯಲ್ಲ. ತೀರಾ ನುಣ್ಣಗೆ ಅರೆಯಲು ಐಸಾಮಿಲ್‌ನಂಥ ಕಲಕುವ ಮಿಲ್ಲುಗಳಿವೆ. ಆಸ್ಟ್ರೇಲಿಯಾದ ಮೌಂಟ್ ಐಸಾದಲ್ಲಿ 1990ರ ದಶಕದಲ್ಲಿ ಬಳಕೆಗೆ ಬಂದ ಇದರಲ್ಲಿ ಗುಂಡುಗಳ ಬದಲು ಸಣ್ಣ ಮಣಿಗಳಿರುವುದರಿಂದ, ಅಷ್ಟು ನುಣುಪಿಗೆ ಬಾಲ್ ಮಿಲ್ಲಿಗಿಂತ ಕಡಿಮೆ ವಿದ್ಯುತ್ತು ಸಾಕು.

ಮಿಲ್ಲನ್ನು ಬದಲಿಸದೆಯೂ ಉಳಿಸಬಹುದು. ನುಣ್ಣಗಾದ ಕಣವನ್ನು ಬೇರ್ಪಡಿಸುವ ಹೈಡ್ರೋಸೈಕ್ಲೋನ್ ಸರಿಯಾಗಿ ಕೆಲಸ ಮಾಡದಿದ್ದರೆ ಅರೆದದ್ದೇ ಮತ್ತೆ ಅರೆಯಲು ಬರುತ್ತದೆ. ಹೆಮಟೈಟಿನಲ್ಲಿ ಇದು ಎರಡು ನಷ್ಟ: ವಿದ್ಯುತ್ತೂ ವ್ಯರ್ಥ, ಅತಿನುಣ್ಣಗಾದ ಕಬ್ಬಿಣ ಕೆಸರಾಗಿ ತ್ಯಾಜ್ಯದ (ಟೇಲಿಂಗ್ಸ್) ಹೊಂಡಕ್ಕೂ ಪಾಲು. ಹೆಚ್ಚು ವೇಗದಲ್ಲಿ ಕಂಪಿಸುವ ಸಣ್ಣ ಕಣ್ಣಿನ ಜರಡಿಗಳು ಇದನ್ನು ತಗ್ಗಿಸುತ್ತವೆ.

ಗೋವಾಕ್ಕೂ ಈಗ ಈ ಲೆಕ್ಕ ಬೇಕಾಗಿದೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಗಣಿಗಳು ನಿಂತಾಗಲೂ ಕಡಿಮೆ ದರ್ಜೆಯ ಅದಿರಿನ ಡಂಪುಗಳು ರಾಶಿಯಾಗಿಯೇ ಉಳಿದವು. ಅವುಗಳಿಂದ ಪೆಲೆಟ್ (ಕುಲುಮೆಗೆ ಹಾಕುವ ಅದಿರಿನ ಉಂಡೆ) ಮಾಡುವುದಾದರೆ ಬಹುಪಾಲು ಕಣ 45 ಮೈಕ್ರಾನ್‌ಗಿಂತ ಕೆಳಗಿಳಿಯಬೇಕು. ಇಡೀ ಡಂಪನ್ನು ಮಿಲ್ಲಿಗೆ ಸುರಿಯುವುದು ದುಬಾರಿ ದಾರಿ. ಮೊದಲು ತೊಳೆದು, ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ, ಆಗಲೇ ಬಿಡಿಯಾಗಿರುವ ಹೆಮಟೈಟನ್ನು ಸಾಂದ್ರತೆಯ ಆಧಾರದಲ್ಲಿ ಬೇರ್ಪಡಿಸುವ ಜಿಗ್, ಸ್ಪೈರಲ್‌ಗಳಲ್ಲಿ ತೆಗೆಯಬೇಕು, ಬರಿಯ ಸಿಲಿಕಾವನ್ನು ಹೊರಹಾಕಬೇಕು. ಕಬ್ಬಿಣವೂ ಸಿಲಿಕಾವೂ ಅಂಟಿಕೊಂಡೇ ಇರುವ ನಡುವಿನ ಪಾಲನ್ನಷ್ಟೇ ಬಿಡಿಸಲು ಮಿಲ್ಲಿಗೆ ಹಾಕಿದರೆ ಸಾಕು, ಸಿದ್ಧ ಅದಿರನ್ನು ಪೆಲೆಟ್ಟಿನ ನುಣುಪಿಗೆ ತರುವುದು ಕೊನೆಯ ಹಂತ. ಆ ನಡುವಿನ ಪಾಲು ಎಷ್ಟು, ಯಾವ ಗಾತ್ರಕ್ಕೆ ಅರೆದರೆ ಅದು ಬಿಡಿಯಾಗುತ್ತದೆ ಎಂಬುದು ಒಂದೊಂದು ಡಂಪಿಗೂ ಬೇರೆ. ಯಂತ್ರಕ್ಕೆ ಆರ್ಡರ್ ಕೊಡುವ ಮುನ್ನ ಪ್ರಯೋಗಾಲಯದಲ್ಲಿ ಅದನ್ನು ಪರೀಕ್ಷಿಸಿ ತಿಳಿಯಬೇಕಾಗುತ್ತದೆ.