ಕೇಳುವವರಿಲ್ಲದ ಹಣ

"ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ" ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಕಂಪನಿಗಳಲ್ಲಿ ಹಣ ಹಾಕಿ, ಅದರ ಡಿವಿಡೆಂಡು ಕೈಸೇರದೆ ಹೋದವರು ಕೋಡಂಗಿಗಳಾಗಬಾರದೆಂದೇ ನಮ್ಮ ದೇಶದಲ್ಲಿ ಒಂದು ಕಾನೂನಿದೆ. ಆದರೆ ಅದರ ಪ್ರಯೋಜನ ಪಡೆಯತಕ್ಕವರಲ್ಲಿ ಅನೇಕರಿಗೆ ಅದರ ಹೆಸರೂ ತಿಳಿಯದು. ಹಗಲೆಲ್ಲ ಸರಕಾರಿ ಕಡತಗಳೊಡನೆ ಬಾಳುವೆ ಮಾಡುವ ನಮಗೆ ಕಾಯಿದೆಯ ಭಾಷೆ ಅಷ್ಟಿಷ್ಟು ಅಭ್ಯಾಸವಾಗಿದೆ. ಆದುದರಿಂದ ಅದರ ತಿರುಳನ್ನು ಮನೆಮಾತಿನಲ್ಲಿ ಇಲ್ಲಿ ಬಿಡಿಸಿ ಹೇಳುತ್ತೇವೆ.

ಊರು ಬಿಟ್ಟು ಬಂದ ನಮ್ಮಂಥ ಸಂಸಾರಗಳಿಗೆ ಈ ವಿಷಯ ಹೆಚ್ಚು ಸಂಬಂಧಪಟ್ಟದ್ದು. ಮದುವೆಯ ಹೊಸತರಲ್ಲಿ ಮಾತುಂಗದಲ್ಲೊಂದು ಕೋಣೆ, ಮಕ್ಕಳು ಶಾಲೆಗೆ ಸೇರಿದ ಮೇಲೆ ಡೊಂಬಿವಲಿಯಲ್ಲೊಂದು ಮನೆ, ನಿವೃತ್ತಿಯಾದ ಮೇಲೆ ಧಾರವಾಡವೋ ಉಡುಪಿಯೋ! ಆದರೆ ಹಿರಿಯರು ನಲವತ್ತು ವರ್ಷಗಳ ಹಿಂದೆ ಕೊಂಡ ಷೇರಿನ ದಾಖಲೆಯಲ್ಲಿ ಇನ್ನೂ ಮಾತುಂಗದ ವಿಳಾಸವೇ ಕುಳಿತಿರುತ್ತದೆ. ಕಂಪನಿಯ ಕಾಗದ ಅಲ್ಲಿಗೆ ಹೋಗಿ, ಆಳಿಲ್ಲದ ಬಾಗಿಲು ತಟ್ಟಿ, ಬಂದ ದಾರಿಯಲ್ಲೇ ಹಿಂದಿರುಗುತ್ತದೆ.

ಹೀಗಾದಾಗ ಕಂಪನಿಯವರು ಏನು ಮಾಡಬೇಕೆಂಬುದನ್ನು 2013ರ ಕಂಪನಿ ಕಾಯಿದೆಯ 124ನೆಯ ಕಲಮು ಹೇಳುತ್ತದೆ. ಡಿವಿಡೆಂಡು ಘೋಷಿಸಿದ 30 ದಿನಗಳೊಳಗೆ ಅದು ಸಂದಾಯವಾಗದಿದ್ದರೆ, ಮುಂದಿನ 7 ದಿನಗಳಲ್ಲಿ ಆ ಹಣವನ್ನು ಬ್ಯಾಂಕಿನ ಪ್ರತ್ಯೇಕ ಖಾತೆಗೆ ಹಾಕಬೇಕು. ತಪ್ಪಿದರೆ ವರ್ಷಕ್ಕೆ ಶೇಕಡಾ 12ರಂತೆ ಬಡ್ಡಿ ತೆರಬೇಕು. ಖಾತೆಗೆ ಹಾಕಿದ 90 ದಿನಗಳೊಳಗೆ, ಯಾರಿಗೆ ಎಷ್ಟು ಸಲ್ಲಬೇಕು, ಅವರ ಕಡೆಯ ವಿಳಾಸ ಯಾವುದು ಎಂಬ ಪಟ್ಟಿಯನ್ನು ಕಂಪನಿಯ ಅಂತರ್ಜಾಲ ತಾಣದಲ್ಲಿ ಪ್ರಕಟಿಸಬೇಕು. ಅಂದರೆ ನಮ್ಮ ಹಣದ ಲೆಕ್ಕ ಗುಟ್ಟಾಗಿ ಉಳಿಯುವಂತಿಲ್ಲ. ಹೊಳೆಗೆ ಸುರಿದರೂ ಅಳೆದು ಸುರಿಯಬೇಕೆಂದು ಹಿರಿಯರು ಹೇಳಿದ್ದು ಇಲ್ಲಿ ಕಾಯಿದೆಯೇ ಆಗಿದೆ.

ಏಳು ವರ್ಷಗಳಾದರೂ ಯಾರೂ ಕೇಳದಿದ್ದರೆ ಆ ಹಣವು ಕೇಂದ್ರ ಸರಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಸೇರುತ್ತದೆ. ಇದನ್ನೇ ಐ.ಇ.ಪಿ.ಎಫ್. ಎನ್ನುತ್ತಾರೆ. ಸತತವಾಗಿ ಏಳು ವರ್ಷ ಡಿವಿಡೆಂಡು ಪಡೆಯದಿದ್ದರೆ ಮೂಲ ಷೇರುಗಳೂ ಅಲ್ಲಿಗೇ ಹೋಗುತ್ತವೆ. ಬಡ್ಡಿಯ ಹಿಂದೆ ಗಂಟೂ ನಡೆಯಿತೆಂದಂತಾಯಿತು! ಆದರೆ ನಡುವೆ ಒಂದು ವರ್ಷದ ಡಿವಿಡೆಂಡನ್ನು ಕೇಳಿ ಪಡೆದಿದ್ದರೂ ಸಾಕು, ಷೇರು ಹೋಗುವುದಿಲ್ಲ. ಹೋಗುವ ಮುನ್ನ ಕಂಪನಿಯು ಮೂರು ತಿಂಗಳು ಮುಂಚಿತವಾಗಿ ಪತ್ರ ಬರೆಯಬೇಕು, ಇಂಗ್ಲಿಷಿನ ಹಾಗೂ ದೇಶಭಾಷೆಯ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ಈ ಪತ್ರವೂ ಹೋಗುವುದು ಅವರಿಗೆ ತಿಳಿದ ಹಳೆಯ ವಿಳಾಸಕ್ಕೇ ಎಂಬುದನ್ನು ಮಾತ್ರ ಮರೆಯಬಾರದು.

ನಿಧಿಗೆ ಸೇರಿತೆಂದು ನಿರಾಶರಾಗಬೇಕಿಲ್ಲ. 1999ರ ತಿದ್ದುಪಡಿಯ ಪ್ರಕಾರ ಒಮ್ಮೆ ನಿಧಿಗೆ ಹೋದ ಹಣದ ಮೇಲೆ ಯಾರಿಗೂ ಹಕ್ಕಿರಲಿಲ್ಲ. 2016ರ ಸೆಪ್ಟೆಂಬರ್ 7ರಂದು ಹೊಸ ನಿಯಮಗಳು ಜಾರಿಗೆ ಬಂದ ಮೇಲೆ ಆ ಬಾಗಿಲು ತೆರೆದಿದೆ. ಹಳೆಯ ಕಾಯಿದೆಯಂತೆ ಹೋದ ಹಣವನ್ನೂ ಈಗ ಕೇಳಬಹುದು.

ಕೇಳುವ ಕ್ರಮ ಹೀಗಿದೆ. ಮೊದಲು ಕಂಪನಿಯವರಿಗೋ ಅದರ ಷೇರು ರಿಜಿಸ್ಟ್ರಾರರಿಗೋ ಬರೆದು, ಸಲ್ಲಬೇಕಾದದ್ದು ಎಷ್ಟೆಂಬ ಹಕ್ಕುಪತ್ರ ಪಡೆಯಬೇಕು. ಅನಂತರ ಐ.ಇ.ಪಿ.ಎಫ್.-5 ಎಂಬ ಅರ್ಜಿಯನ್ನು ಅಂತರ್ಜಾಲದಲ್ಲಿ ತುಂಬಿ, ಅದರ ಪ್ರತಿಯನ್ನು ಹೊಣೆಗಾರಿಕೆಯ ಮುಚ್ಚಳಿಕೆ ಮೊದಲಾದ ಕಾಗದಗಳೊಡನೆ ಕಂಪನಿಯ ನೋಡಲ್ ಅಧಿಕಾರಿಗೆ ಕಳಿಸಬೇಕು. ಕಂಪನಿಯು ಪರಿಶೀಲಿಸಿ ಪ್ರಾಧಿಕಾರಕ್ಕೆ ವರದಿ ಮಾಡುತ್ತದೆ. ಷೇರು ಹಿಂದಿರುಗುವುದು ಡಿಮ್ಯಾಟ್ ಖಾತೆಗೆ; ಅದಿಲ್ಲದವರು ಮೊದಲು ತೆರೆದಿಟ್ಟುಕೊಳ್ಳುವುದು ಲೇಸು. ಒಂದು ಕಂಪನಿಗೆ ಸಂಬಂಧಿಸಿ ವರ್ಷಕ್ಕೆ ಒಂದೇ ಅರ್ಜಿ. ಆದ್ದರಿಂದ ಎಲ್ಲವನ್ನೂ ಕೂಡಿಸಿ ಕೇಳಬೇಕು. ಅರ್ಜಿಗೆ ಶುಲ್ಕವಿಲ್ಲ. ಅರ್ಧ ಪಾಲು ಕೊಟ್ಟರೆ ಕೊಡಿಸುತ್ತೇವೆನ್ನುವ ದಲ್ಲಾಳಿಗಳ ಬಲೆಗೆ ಬೀಳುವ ಮುನ್ನ ಇದನ್ನು ನೆನೆಯಬೇಕು.

ನಮ್ಮವರಿಗೆ ತೊಡಕಾಗುವುದು ಹೆಸರಿನಲ್ಲಿ. ಷೇರಿನಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು. ಪ್ಯಾನ್ ಕಾರ್ಡಿನಲ್ಲಿ ಅವೇ ಪೂರ್ಣವಾಗಿ. ಆಧಾರಿನಲ್ಲಿ ಮತ್ತೊಂದು ಬಗೆ. ಹೆಣ್ಣುಮಕ್ಕಳಿಗೆ ತವರಿನ ಹೆಸರು ಬೇರೆ. ಇವೆಲ್ಲ ಒಬ್ಬರೇ ಎಂದು ರುಜುವಾತು ಮಾಡಲು ಪ್ರಮಾಣಪತ್ರ ಬೇಕಾಗುತ್ತದೆ. ಹಣದ ಒಡೆಯರು ತೀರಿಕೊಂಡಿದ್ದರೆ ಮರಣಪತ್ರ, ನಾಮನಿರ್ದೇಶನ, ಅದಿಲ್ಲದಿದ್ದರೆ ಉಯಿಲು ಅಥವಾ ವಾರಸಾ ದಾಖಲೆ ಬೇಕು. ತಂದೆತಾಯಿಯರು ಎದುರಿಗಿರುವಾಗ ಒಂದು ಸಹಿಯಿಂದ ಮುಗಿಯುವ ಕೆಲಸಕ್ಕೆ, ಅವರ ನಂತರ ಅಣ್ಣತಮ್ಮಂದಿರು, ಅಕ್ಕತಂಗಿಯರು ನಾಲ್ಕು ಊರುಗಳಿಂದ ಒಂದು ಮೇಜಿನ ಬಳಿ ಕೂಡಬೇಕಾಗುತ್ತದೆ.

ಬ್ಯಾಂಕುಗಳಿಗೂ ಇಂಥದೇ ನಿಯಮವಿದೆ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅದನ್ನೂ ಮರಳಿ ಪಡೆಯಬಹುದು. ಹುಡುಕಲು 'ಉದ್ಗಮ್' ಎಂಬ ತಾಣವನ್ನು 2023ರಲ್ಲಿ ತೆರೆಯಲಾಯಿತು. ನಮ್ಮ ನಾಡಿನ ಬ್ಯಾಂಕುಗಳ ಹಳೆಯ ಪಾಸ್‌ಬುಕ್ ಸಿಕ್ಕರೆ, ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕನ್ನೂ, ವಿಜಯಾ ಬ್ಯಾಂಕು 2019ರಲ್ಲಿ ಬರೋಡಾ ಬ್ಯಾಂಕನ್ನೂ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕನ್ನೂ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕನ್ನೂ ಸೇರಿದವೆಂಬುದು ನೆನಪಿರಲಿ.

ಕಾಯಿದೆಯು ಕಂಪನಿಯಿಂದ ಲೆಕ್ಕ ಕೇಳುತ್ತದೆ, ಪಟ್ಟಿ ಹಾಕಿಸುತ್ತದೆ, ಹಣವನ್ನು ಕಾಯುತ್ತದೆ. ಆದರೆ ನಾವು ಮನೆ ಬದಲಿಸಿದ್ದು ಅದಕ್ಕೆ ತಿಳಿಯದು, ತಿಳಿಸಬೇಕಾದವರು ನಾವೇ. ಬರುವ ರಜೆಯಲ್ಲಿ ಮನೆಯ ಹಿರಿಯರ ಜೊತೆ ಕುಳಿತು ಹಳೆಯ ಪೆಟ್ಟಿಗೆಯನ್ನೊಮ್ಮೆ ಬಿಚ್ಚಿರಿ. ಯಾವ ಕಂಪನಿ, ಎಷ್ಟು ಷೇರು, ಯಾವ ವಿಳಾಸ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಹೊಸ ವಿಳಾಸ ತಿಳಿಸಿರಿ, ನಾಮನಿರ್ದೇಶನ ಮಾಡಿಸಿರಿ. ಅವರು ತಿಂಗಳ ಸಂಬಳದಲ್ಲಿ ಮಿಗಿಸಿ ಕೂಡಿಟ್ಟ ಹಣ ಅವರ ಕಣ್ಣೆದುರೇ ಮನೆಗೆ ಬರಲಿ.